ಯಾವ ಅಂಕಿಗೆ ಯಾವ ಪ್ರಕಟಣೆ: ಸರ್ಕಾರಿ ಅಂಕಿಅಂಶಗಳನ್ನು ಹುಡುಕುವವರಿಗೆ ಒಂದು ಹೋಲಿಕೆ

ಕರ್ನಾಟಕದ ಜನಸಂಖ್ಯೆ ಎಷ್ಟು ಎಂದು ಹುಡುಕಹೊರಟವರಿಗೆ ಒಂದು ಕಡೆ 6,11,30,704 ಎಂಬ ಸಂಖ್ಯೆ ಸಿಗುತ್ತದೆ, ಇನ್ನೊಂದು ಕಡೆ 6,10,95,297 ಸಿಗುತ್ತದೆ, ಮತ್ತೊಂದು ಕಡೆ 6.7 ಕೋಟಿಯ ಆಸುಪಾಸಿನ ಅಂಕಿ ಕಾಣಿಸುತ್ತದೆ. ಮೂರೂ ಸರ್ಕಾರಿ ಪ್ರಕಟಣೆಗಳಿಂದಲೇ ಬಂದವು. ಮೊದಲನೆಯದು 2011ರ ಜನಗಣತಿ ಮುಗಿದ ಕೆಲವೇ ವಾರಗಳಲ್ಲಿ ಪ್ರಕಟವಾದ ತಾತ್ಕಾಲಿಕ ಮೊತ್ತ. ಎರಡನೆಯದು ಅದೇ ಗಣತಿಯ ನಮೂನೆಗಳನ್ನೆಲ್ಲ ಪರಿಷ್ಕರಿಸಿದ ಮೇಲೆ ಬಂದ ಅಂತಿಮ ಮೊತ್ತ. ಮೂರನೆಯದನ್ನು ಯಾರೂ ಮನೆಮನೆಗೆ ಹೋಗಿ ಎಣಿಸಿಲ್ಲ. 2011ರ ಗಣತಿಯನ್ನು ಆಧಾರವಾಗಿಟ್ಟುಕೊಂಡು 2036ರವರೆಗೆ ಜನಸಂಖ್ಯೆ ಹೇಗೆ ಬೆಳೆಯಬಹುದೆಂದು ತಜ್ಞರ ತಂಡವೊಂದು ಮಾಡಿದ ಮುನ್ನಂದಾಜು ಅದು. ಪರೀಕ್ಷೆಗೆ ಓದುವ ವಿದ್ಯಾರ್ಥಿ, ವರದಿ ಬರೆಯುವ ಪತ್ರಕರ್ತೆ, ಪ್ರಬಂಧ ಸಿದ್ಧಪಡಿಸುವ ಸಂಶೋಧಕ, ಊರಿನ ಯೋಜನೆಗೆ ಅರ್ಜಿ ಬರೆಯುವ ಪಂಚಾಯಿತಿ ಸದಸ್ಯೆ, ಇವರೆಲ್ಲ ಕೇಳುವುದು ಒಂದೇ ಪ್ರಶ್ನೆ: ಇಷ್ಟೊಂದು ಪ್ರಕಟಣೆಗಳಲ್ಲಿ ಯಾವುದನ್ನು ನೆಚ್ಚಬೇಕು? ಎಲ್ಲಕ್ಕೂ ಸಲ್ಲುವ ಒಂದು ಪುಸ್ತಕವಿಲ್ಲ. ಆದರೆ ಕೈಯಲ್ಲಿರುವ ಪ್ರಶ್ನೆಗೆ ತಕ್ಕ ಪ್ರಕಟಣೆಯನ್ನು ಆರಿಸಿಕೊಳ್ಳುವುದು ಕಷ್ಟವೇನಲ್ಲ.

ಆಯ್ಕೆಗೆ ಮೊದಲು ಕೇಳಬೇಕಾದ್ದು

ಮೊದಲ ಅಳತೆಗೋಲು, ಎಣಿಸಿದವರು ಯಾರು ಎಂಬುದು. ಕೆಲವು ಪ್ರಕಟಣೆಗಳನ್ನು ಎಣಿಸಿದ ಕಚೇರಿಯೇ ಹೊರತರುತ್ತದೆ. ಇನ್ನು ಕೆಲವು ಬೇರೆಯವರು ಎಣಿಸಿದ್ದನ್ನು ಒಂದೆಡೆ ಸೇರಿಸಿ ಕೊಡುತ್ತವೆ. ಸಂಕಲನಗಳು ಅನುಕೂಲಕರವಾದರೂ ಮೂಲದ ವಿವರಣೆ, ವಿನಾಯಿತಿ, ಎಚ್ಚರಿಕೆಗಳು ಅಲ್ಲಿಗೆ ಬರುವಷ್ಟರಲ್ಲಿ ಉದುರಿಹೋಗಿರುತ್ತವೆ. ಎರಡನೆಯ ಅಳತೆಗೋಲು ಎಣಿಕೆಯ ಬಗೆ: ಪ್ರತಿಯೊಬ್ಬರನ್ನೂ ಎಣಿಸಿದ ಗಣತಿಯೇ, ಆಯ್ದ ಕುಟುಂಬಗಳ ಮಾದರಿ ಸಮೀಕ್ಷೆಯೇ, ಅಥವಾ ಶಾಲೆ, ಪೊಲೀಸ್ ಠಾಣೆ, ನೋಂದಣಿ ಕಚೇರಿಗಳ ದೈನಂದಿನ ದಾಖಲೆಯಿಂದ ಹೊರಟ ಲೆಕ್ಕವೇ? ಮೂರನೆಯದು ಮಟ್ಟ. ದೇಶದ ಮಟ್ಟಿಗೆ ಗಟ್ಟಿಯಾದ ಅಂಕಿ ರಾಜ್ಯದ ಮಟ್ಟಿಗೆ ಸಡಿಲವಾಗಬಹುದು, ಜಿಲ್ಲೆಯ ಮಟ್ಟಿಗೆ ಬಳಸಲಾರದಂತೆಯೂ ಆಗಬಹುದು. ನಾಲ್ಕನೆಯದು ಕಾಲ ಮತ್ತು ಹಂತ, ಎಂದರೆ ಅಂಕಿ ಯಾವ ವರ್ಷದ್ದು, ಆ ವರ್ಷ ಏಪ್ರಿಲ್‌ನಿಂದ ಮಾರ್ಚ್‌ವರೆಗಿನದೇ, ಜುಲೈನಿಂದ ಜೂನ್‌ವರೆಗಿನದೇ ಅಥವಾ ಕ್ಯಾಲೆಂಡರ್ ವರ್ಷವೇ, ಮತ್ತು ಅದು ತಾತ್ಕಾಲಿಕವೇ, ಪರಿಷ್ಕೃತವೇ, ಅಂತಿಮವೇ ಎಂಬುದು. ಐದನೆಯದು ವ್ಯಾಖ್ಯೆ, ಎಂದರೆ ಸಾಕ್ಷರರು, ನಿರುದ್ಯೋಗಿಗಳು ಎಂದು ಆ ಪ್ರಕಟಣೆ ಯಾರನ್ನು ಕರೆಯುತ್ತದೆ ಎಂಬುದು.

ಇನ್ನು ಖರ್ಚಿನ ಮಾತು. ಇಲ್ಲಿ ಹೆಸರಿಸುವ ಬಹುತೇಕ ಪ್ರಕಟಣೆಗಳು ಆಯಾ ಇಲಾಖೆಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಆದ್ದರಿಂದ ಓದುಗರು ನಿಜವಾಗಿ ತೂಗಿ ನೋಡಬೇಕಾದದ್ದು ತಮ್ಮ ಸಮಯವನ್ನು. ಹತ್ತು ನಿಮಿಷವಿದ್ದರೆ ಒಂದು ಪ್ರಕಟಣೆ ಸರಿ, ಒಂದು ದಿನವಿದ್ದರೆ ಇನ್ನೊಂದು, ಒಂದು ತಿಂಗಳಿದ್ದರೆ ಮೂಲ ದತ್ತಾಂಶವೇ ಸರಿ.

ಸಂಕಲನಗಳು: ಬೇಗ ಸಿಗುವವು

ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಪ್ರಕಟಣಾ ವಿಭಾಗ 1953ರಿಂದ ಹೊರತರುತ್ತಿರುವ ‘ಇಂಡಿಯಾ’ ವಾರ್ಷಿಕ ಗ್ರಂಥ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವವರಿಗೆಲ್ಲ ಪರಿಚಿತ. ಆಡಳಿತ, ಕೃಷಿ, ರಕ್ಷಣೆ, ಶಿಕ್ಷಣ, ಯೋಜನೆಗಳೆಲ್ಲದರ ಪರಿಚಯ ಅಲ್ಲಿ ಒಂದೇ ಕಡೆ ಸಿಗುತ್ತದೆ. ಒಂದು ಯೋಜನೆಯನ್ನು ಯಾವ ಸಚಿವಾಲಯ ನಡೆಸುತ್ತದೆ, ಒಂದು ಸಂಸ್ಥೆ ಯಾವಾಗ ಸ್ಥಾಪನೆಯಾಯಿತು ಎಂಬಂಥ ಪ್ರಶ್ನೆಗಳಿಗೆ ಅದು ಒಳ್ಳೆಯ ಆಕರ. ಆದರೆ ಅಲ್ಲಿನ ಅಧ್ಯಾಯಗಳಿಗೆ ಸಾಮಗ್ರಿ ಒದಗಿಸುವುದು ಆಯಾ ಸಚಿವಾಲಯಗಳೇ ಆದ್ದರಿಂದ ಸಾಧನೆಯ ಅಂಕಿಗಳು ಎದ್ದು ಕಾಣುತ್ತವೆ, ಅವು ಹೇಗೆ ಬಂದವು ಎಂಬ ವಿವರ ಸಿಗುವುದು ಕಡಿಮೆ. ಸಂಶೋಧನಾ ಪ್ರಬಂಧದಲ್ಲಿ ಅದನ್ನೇ ಆಧಾರವೆಂದು ಕೊಡುವುದು ಸಲ್ಲದು ಎಂಬುದು ನನ್ನ ಖಚಿತ ಅಭಿಪ್ರಾಯ.

ಕೇಂದ್ರ ಹಣಕಾಸು ಸಚಿವಾಲಯವು ಬಜೆಟ್‌ಗೆ ಮುನ್ನ ಮಂಡಿಸುವ ಆರ್ಥಿಕ ಸಮೀಕ್ಷೆಯ ಬಗ್ಗೆ ಪತ್ರಿಕೆಗಳು ಬರೆಯುವುದೆಲ್ಲ ಅದರ ಅಧ್ಯಾಯಗಳನ್ನು ಕುರಿತು. ಅಂಕಿ ಹುಡುಕುವವರಿಗೆ ಹೆಚ್ಚು ಉಪಯುಕ್ತವಾದದ್ದು ಅದರ ಸಾಂಖ್ಯಿಕ ಅನುಬಂಧ. ರಾಷ್ಟ್ರೀಯ ಆದಾಯ, ಆಹಾರ ಧಾನ್ಯ, ಬೆಲೆ, ವಿದೇಶ ವ್ಯಾಪಾರ, ಸಾಮಾಜಿಕ ಸೂಚ್ಯಂಕಗಳು ಹಲವು ವರ್ಷಗಳ ಉದ್ದಕ್ಕೆ ಅಲ್ಲಿ ಒಂದಾಗಿ ಸಿಗುತ್ತವೆ. ಅಧ್ಯಾಯಗಳು ಸರ್ಕಾರದ ವಾದ. ಅನುಬಂಧ ಕೋಷ್ಟಕಗಳ ಸಂಗ್ರಹ. ಈ ಎರಡನ್ನೂ ಬೇರೆಯಾಗಿಯೇ ಓದಬೇಕು.

ಸಂಕಲನಗಳಲ್ಲಿ ನಾನು ಮೊದಲ ಸ್ಥಾನ ಕೊಡುವುದು ಭಾರತೀಯ ರಿಸರ್ವ್ ಬ್ಯಾಂಕಿನ ‘ಹ್ಯಾಂಡ್‌ಬುಕ್ ಆಫ್ ಸ್ಟ್ಯಾಟಿಸ್ಟಿಕ್ಸ್ ಆನ್ ಇಂಡಿಯನ್ ಎಕಾನಮಿ’ಗೆ. ದಶಕಗಳ ಉದ್ದದ ಸರಣಿ ಬೇಕಾದವರಿಗೆ ಅದಕ್ಕಿಂತ ಸುಲಭವಾದ ದಾರಿ ಇಲ್ಲ. ಹಲವು ಕೋಷ್ಟಕಗಳು 1950-51ರಿಂದಲೇ ಆರಂಭವಾಗುತ್ತವೆ. ರಾಜ್ಯಗಳ ನಡುವಿನ ಹೋಲಿಕೆಗೆ ಅದೇ ಬ್ಯಾಂಕು 2016ರಿಂದ ರಾಜ್ಯಗಳಿಗೆಂದೇ ಮತ್ತೊಂದು ಕೈಪಿಡಿ ತರುತ್ತಿದೆ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಹಣದ ಪೂರೈಕೆ, ಬ್ಯಾಂಕ್ ಸಾಲ, ವಿದೇಶಿ ವಿನಿಮಯ ಸಂಗ್ರಹಗಳ ವಿಷಯದಲ್ಲಿ ರಿಸರ್ವ್ ಬ್ಯಾಂಕೇ ಮೂಲ. ಅದೇ ಪುಸ್ತಕದ ಜಿಡಿಪಿ ಕೋಷ್ಟಕಕ್ಕಾಗಲಿ ಬೆಳೆ ಉತ್ಪಾದನೆಯ ಕೋಷ್ಟಕಕ್ಕಾಗಲಿ ಅದು ಮೂಲವಲ್ಲ. ಕೋಷ್ಟಕದ ಕೆಳಗೆ ಸಣ್ಣ ಅಕ್ಷರದಲ್ಲಿರುವ ಆಕರದ ಸಾಲನ್ನು ಓದಿದರೆ ಇದು ತಿಳಿಯುತ್ತದೆ. ಒಂದೇ ಪುಸ್ತಕ ಒಂದು ಪುಟದಲ್ಲಿ ಮೂಲ, ಮರುಪುಟದಲ್ಲಿ ಸಂಕಲನ.

ಜನಗಣತಿ: ಆಳ ಹೆಚ್ಚು, ವಯಸ್ಸೂ ಹೆಚ್ಚು

ನಿಮ್ಮ ಪ್ರಶ್ನೆ ಒಂದು ಹಳ್ಳಿಯದ್ದೋ ಪಟ್ಟಣದ ವಾರ್ಡಿನದ್ದೋ ಆಗಿದ್ದರೆ ಆಯ್ಕೆಗೆ ಹೆಚ್ಚು ಜಾಗವಿಲ್ಲ. ಅಷ್ಟು ಕೆಳಗಿನ ಮಟ್ಟದವರೆಗೆ ಜನಸಂಖ್ಯೆ, ಸಾಕ್ಷರತೆ, ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಸಂಖ್ಯೆ, ದುಡಿಯುವವರ ವಿಂಗಡಣೆಗಳನ್ನು ಒಂದೇ ರೀತಿಯಲ್ಲಿ ದೇಶದಾದ್ಯಂತ ಕೊಡುವುದು ಜನಗಣತಿ. ಪ್ರಾಥಮಿಕ ಜನಗಣತಿ ಸಾರ ಎಂಬ ಕೋಷ್ಟಕಗಳು ಮತ್ತು ಪ್ರತಿ ಜಿಲ್ಲೆಗೂ ಹೊರಬರುವ ಜಿಲ್ಲಾ ಜನಗಣತಿ ಕೈಪಿಡಿ ಇದಕ್ಕೆ ನೋಡಬೇಕಾದವು. ಕೈಪಿಡಿಯಲ್ಲಿ ಊರಿಗೆ ಶಾಲೆ ಇದೆಯೇ, ಆಸ್ಪತ್ರೆ ಎಷ್ಟು ದೂರ, ಕುಡಿಯುವ ನೀರಿನ ಮೂಲ ಯಾವುದು ಎಂಬ ವಿವರಗಳೂ ಸಿಗುತ್ತವೆ. ಪಂಚಾಯಿತಿಯ ಕೆಲಸ ಮಾಡುವವರಿಗೆ ಇದಕ್ಕಿಂತ ಉಪಯುಕ್ತ ಸರ್ಕಾರಿ ಪುಸ್ತಕವನ್ನು ನಾನು ಕಂಡಿಲ್ಲ.

ಅದರ ಕೊರತೆ ವಯಸ್ಸು. 1881ರಿಂದ ಹತ್ತು ವರ್ಷಕ್ಕೊಮ್ಮೆ ತಪ್ಪದೆ ನಡೆದ ಗಣತಿ 2021ರಲ್ಲಿ ನಡೆಯಲಿಲ್ಲ. 2025ರ ಜೂನ್‌ನಲ್ಲಿ ಹೊರಟ ಅಧಿಸೂಚನೆಯು ಮುಂದಿನ ಗಣತಿಗೆ 2027ರ ಮಾರ್ಚ್ 1ನ್ನು, ಹಿಮಾವೃತ ಪ್ರದೇಶಗಳಿಗೆ 2026ರ ಅಕ್ಟೋಬರ್ 1ನ್ನು ಉಲ್ಲೇಖ ದಿನಾಂಕವಾಗಿ ಗೊತ್ತುಪಡಿಸಿದೆ. ಅದರ ವಿವರವಾದ ಕೋಷ್ಟಕಗಳು ಕೈಗೆ ಬರುವವರೆಗೆ ಹಳ್ಳಿಯ ಮಟ್ಟದ ಅಂಕಿ ಎಂದರೆ 2011ರದೇ. ಈ ನಡುವೆ ಗಡಿಗಳೂ ಬದಲಾಗಿವೆ. 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ 2011ರ ಕೈಪಿಡಿ ಇಲ್ಲ. ಅದರ ತಾಲ್ಲೂಕುಗಳನ್ನು ಬಳ್ಳಾರಿಯ ಕೈಪಿಡಿಯಿಂದ, ಆಗ ದಾವಣಗೆರೆಗೆ ಸೇರಿದ್ದ ಹರಪನಹಳ್ಳಿಯನ್ನು ದಾವಣಗೆರೆಯ ಕೈಪಿಡಿಯಿಂದ ಹೆಕ್ಕಿ ಕೂಡಿಸಬೇಕು. 2009ರ ಕೊನೆಗೆ ರಚನೆಯಾದ ಯಾದಗಿರಿಯನ್ನು 2001ರೊಂದಿಗೆ ಹೋಲಿಸುವಾಗಲೂ ಇದೇ ಕಷ್ಟ. 2011ರ ಕೋಷ್ಟಕಗಳಲ್ಲಿ ಆಂಧ್ರಪ್ರದೇಶವೆಂದರೆ ತೆಲಂಗಾಣವೂ ಸೇರಿದ ಆಂಧ್ರ. ಜಾಲತಾಣದಲ್ಲಿ ಹುಡುಕುವಾಗ ಗುಲ್ಬರ್ಗ, ಬೆಳಗಾಂ, ಶಿಮೊಗ್ಗ ಎಂಬ ಹಳೆಯ ಹೆಸರುಗಳನ್ನೇ ಬಳಸಬೇಕಾಗುತ್ತದೆ, ಏಕೆಂದರೆ ಹೆಸರು ಬದಲಾದದ್ದು 2014ರ ನವೆಂಬರ್ 1ರಂದು.

ಗಣತಿಯನ್ನು ನಾನು ನೆಚ್ಚಲು ಇನ್ನೊಂದು ಕಾರಣವಿದೆ. ಎಣಿಕೆ ಮುಗಿದ ಮೇಲೆ ಆಯ್ದ ಪ್ರದೇಶಗಳಲ್ಲಿ ಮತ್ತೆ ಎಣಿಸಿ, ಎಷ್ಟು ಜನ ಬಿಟ್ಟುಹೋಗಿದ್ದಾರೆಂದು ಜನಗಣತಿ ಕಚೇರಿಯೇ ಲೆಕ್ಕ ಹಾಕಿ ಪ್ರಕಟಿಸುತ್ತದೆ. 2011ರಲ್ಲಿ ಹೀಗೆ ಬಿಟ್ಟುಹೋದವರು ನಿವ್ವಳ ಲೆಕ್ಕದಲ್ಲಿ ಸಾವಿರಕ್ಕೆ 23 ಎಂದು ಅಂದಾಜಿಸಲಾಯಿತು. ತನ್ನ ದೋಷದ ಪ್ರಮಾಣವನ್ನು ತಾನೇ ಹೇಳುವ ಪ್ರಕಟಣೆಯ ಮೇಲೆ ಹೆಚ್ಚು ವಿಶ್ವಾಸವಿಡಬಹುದು.

ಮಾದರಿ ಸಮೀಕ್ಷೆಗಳು: ಹೊಸತು, ಆದರೆ ಮಿತಿಯುಳ್ಳದ್ದು

ಉದ್ಯೋಗ, ಕುಟುಂಬದ ವೆಚ್ಚ, ಆರೋಗ್ಯದಂಥ ವಿಷಯಗಳಲ್ಲಿ ಹತ್ತು ವರ್ಷ ಕಾಯಲಾಗುವುದಿಲ್ಲ. ಇಲ್ಲಿ ಸಮೀಕ್ಷೆಗಳೇ ಆಧಾರ, ಮತ್ತು ಓದುಗರು ಹೆಚ್ಚು ಎಡವುವುದೂ ಇಲ್ಲಿಯೇ. 2019ರಲ್ಲಿ ಎರಡು ಹಳೆಯ ಸಂಸ್ಥೆಗಳನ್ನು ಕೂಡಿಸಿ ರಚಿಸಿದ ರಾಷ್ಟ್ರೀಯ ಸಾಂಖ್ಯಿಕ ಕಚೇರಿಯು ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆಯನ್ನು, ಎಂದರೆ ಪಿಎಲ್‌ಎಫ್‌ಎಸ್ ಅನ್ನು, ನಡೆಸುತ್ತದೆ. 2023ರ ಜುಲೈನಿಂದ 2024ರ ಜೂನ್‌ವರೆಗಿನ ಅದರ ವರದಿಯಲ್ಲಿ ನಿರುದ್ಯೋಗ ದರ ಶೇ 3.2 ಎಂದಿದೆ, ಅದೇ ವರದಿಯಲ್ಲಿ ಶೇ 4.9 ಎಂದೂ ಇದೆ. ಮೊದಲನೆಯದು ಕಳೆದ 365 ದಿನಗಳಲ್ಲಿ ವ್ಯಕ್ತಿ ಸಾಮಾನ್ಯವಾಗಿ ಏನು ಮಾಡುತ್ತಿದ್ದರು ಎಂದು ಕೇಳಿ ಪಡೆದದ್ದು. ಅದರಲ್ಲಿ 30 ದಿನ ಮಾಡಿದ ಉಪಕಸುಬೂ ಉದ್ಯೋಗವೆಂದು ಲೆಕ್ಕಕ್ಕೆ ಬರುತ್ತದೆ. ಎರಡನೆಯದು ಸಮೀಕ್ಷೆಯ ಹಿಂದಿನ ಏಳು ದಿನಗಳನ್ನು ಮಾತ್ರ ನೋಡುತ್ತದೆ. ವರ್ಷದಿಂದ ವರ್ಷಕ್ಕೆ ಹೋಲಿಸುವವರು ಯಾವುದಾದರೂ ಒಂದನ್ನು ಹಿಡಿದು ಅದಕ್ಕೇ ಅಂಟಿಕೊಳ್ಳಬೇಕು. ಒಂದು ವರ್ಷಕ್ಕೆ ಒಂದು ಅಳತೆ, ಮರುವರ್ಷಕ್ಕೆ ಇನ್ನೊಂದು ಅಳತೆ ತೆಗೆದುಕೊಂಡರೆ ನಿರುದ್ಯೋಗ ಏರಿದಂತೆಯೋ ಇಳಿದಂತೆಯೋ ಬೇಕಾದ ಹಾಗೆ ತೋರಿಸಬಹುದು. 2025ರಿಂದ ಈ ಸಮೀಕ್ಷೆಯ ವಿನ್ಯಾಸ ಬದಲಾಗಿ ತಿಂಗಳ ವರದಿಗಳೂ ಬರುತ್ತಿವೆ. ತಿಂಗಳ ಅಂಕಿ ಸುದ್ದಿಗೆ ಒದಗುತ್ತದೆ. ಪ್ರಬಂಧಕ್ಕೆ ವಾರ್ಷಿಕ ವರದಿಯೇ ಲೇಸು.

ಕುಟುಂಬ ವೆಚ್ಚದ ಸಮೀಕ್ಷೆಯಲ್ಲಿ ಅಡಿಟಿಪ್ಪಣಿ ಓದದೆ ಒಂದು ಹೆಜ್ಜೆಯನ್ನೂ ಇಡಬಾರದು. 2023-24ರಲ್ಲಿ ತಲಾ ಮಾಸಿಕ ವೆಚ್ಚ ಗ್ರಾಮೀಣ ಭಾರತದಲ್ಲಿ ₹4,122, ನಗರ ಭಾರತದಲ್ಲಿ ₹6,996. ಉಚಿತವಾಗಿ ದೊರೆತ ಪಡಿತರ ಮತ್ತಿತರ ವಸ್ತುಗಳ ಬೆಲೆಯನ್ನೂ ಸೇರಿಸಿದರೆ ಅದೇ ಸಮೀಕ್ಷೆಯಲ್ಲಿ ₹4,247 ಮತ್ತು ₹7,078 ಎಂದಾಗುತ್ತದೆ. 2011-12ರ ಸಮೀಕ್ಷೆಯೊಂದಿಗೆ ನೇರವಾಗಿ ಹೋಲಿಸಲು ಹೋದರೆ ಇನ್ನೊಂದು ತೊಡಕು ಎದುರಾಗುತ್ತದೆ: ಪ್ರಶ್ನಾವಳಿಯೂ ಕುಟುಂಬವನ್ನು ಭೇಟಿಯಾಗುವ ಕ್ರಮವೂ ಈ ನಡುವೆ ಬದಲಾಗಿವೆ. ಎರಡರ ನಡುವೆ 2017-18ರಲ್ಲಿ ನಡೆದ ಸಮೀಕ್ಷೆಯ ಫಲಿತಾಂಶವನ್ನು ದತ್ತಾಂಶದ ಗುಣಮಟ್ಟದ ಕಾರಣ ನೀಡಿ ಸರ್ಕಾರ ಬಿಡುಗಡೆ ಮಾಡಲಿಲ್ಲ. ಹೀಗಾಗಿ ಬಡತನದ ಇಳಿಕೆಯನ್ನು ಒಂದೇ ಗೆರೆಯಲ್ಲಿ ಎಳೆದು ತೋರಿಸುವ ಚಿತ್ರಗಳನ್ನು ಕಂಡಾಗ, ನಡುವಿನ ಈ ಖಾಲಿ ಜಾಗವನ್ನು ಹೇಗೆ ತುಂಬಿದ್ದಾರೆ ಎಂದು ಕೇಳಲೇಬೇಕು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು 1992-93ರಿಂದ ನಡೆದುಬಂದಿದೆ. 2019-21ರ ಐದನೆಯ ಸುತ್ತಿನಲ್ಲಿ 6.36 ಲಕ್ಷಕ್ಕೂ ಹೆಚ್ಚು ಕುಟುಂಬಗಳನ್ನು ಸಂದರ್ಶಿಸಿ 707 ಜಿಲ್ಲೆಗಳಿಗೆ ಪ್ರತ್ಯೇಕ ಮಾಹಿತಿ ಪತ್ರ ನೀಡಲಾಯಿತು. ಲಸಿಕೆ, ಹೆರಿಗೆ, ಮಕ್ಕಳ ಬೆಳವಣಿಗೆ, ರಕ್ತಹೀನತೆ ಕುರಿತು ಜಿಲ್ಲಾ ಮಟ್ಟದ ಅಂಕಿ ಬೇಕಾದವರಿಗೆ ಇದೇ ಮೊದಲ ಆಯ್ಕೆ. ಆದರೆ ಜನಸಂಖ್ಯೆಯ ಸ್ವರೂಪ ತಿಳಿಯಲು ಇದನ್ನು ಬಳಸಬಾರದು. ಈ ಸುತ್ತಿನಲ್ಲಿ ಸಾವಿರ ಪುರುಷರಿಗೆ 1,020 ಮಹಿಳೆಯರು ಎಂಬ ಅಂಕಿ ಬಂದಾಗ ದೇಶದ ಲಿಂಗಾನುಪಾತವೇ ತಿರುವುಮುರುವಾಯಿತೆಂದು ಹಲವರು ಬರೆದರು. 2011ರ ಗಣತಿಯಲ್ಲಿ ಅದು 943 ಇತ್ತು. ಸಮೀಕ್ಷೆ ಎಣಿಸುವುದು ಆಯ್ದ ಮನೆಗಳಲ್ಲಿ ಹಿಂದಿನ ರಾತ್ರಿ ತಂಗಿದ್ದವರನ್ನು. ದುಡಿಮೆಗೆಂದು ಊರು ಬಿಟ್ಟು ಹಾಸ್ಟೆಲ್, ಶಿಬಿರ, ಕಟ್ಟಡದ ಕೆಲಸದ ಶೆಡ್‌ಗಳಲ್ಲಿರುವ ಗಂಡಸರು ಆ ಮನೆಗಳ ಲೆಕ್ಕಕ್ಕೆ ಸಿಗುವುದಿಲ್ಲ. ಅದೇ ಸಮೀಕ್ಷೆಯಲ್ಲಿ ಹಿಂದಿನ ಐದು ವರ್ಷಗಳಲ್ಲಿ ಹುಟ್ಟಿದ ಮಕ್ಕಳ ಪೈಕಿ ಸಾವಿರ ಗಂಡುಮಕ್ಕಳಿಗೆ ಹೆಣ್ಣುಮಕ್ಕಳು 929 ಮಾತ್ರ ಎಂಬ ಅಂಕಿಯೂ ಇದೆ. ಹೆಣ್ಣುಮಕ್ಕಳ ಪರಿಸ್ಥಿತಿ ತಿಳಿಯಬೇಕಾದವರು ನೋಡಬೇಕಾದದ್ದು ಈ ಎರಡನೆಯದನ್ನು. ಸಾಕ್ಷರತೆಯ ವಿಷಯದಲ್ಲೂ ಇದೇ ಎಚ್ಚರ ಬೇಕು. ಗಣತಿ ಏಳು ವರ್ಷ ಮೀರಿದ ಎಲ್ಲರನ್ನೂ ಪರಿಗಣಿಸುತ್ತದೆ. ಈ ಸಮೀಕ್ಷೆಯ ಮಹಿಳಾ ಸಾಕ್ಷರತೆ 15ರಿಂದ 49 ವಯಸ್ಸಿನವರದು, ಒಂದು ವಾಕ್ಯವನ್ನೋ ಅದರ ಭಾಗವನ್ನೋ ಓದಬಲ್ಲವರೂ ಅದರಲ್ಲಿ ಸಾಕ್ಷರರು.

ಜನನ ಪ್ರಮಾಣ, ಮರಣ ಪ್ರಮಾಣ, ಶಿಶು ಮರಣ ಪ್ರಮಾಣಗಳು ಪ್ರತಿ ವರ್ಷದ್ದು ಬೇಕಿದ್ದರೆ, ಜನಗಣತಿಯನ್ನೂ ನಡೆಸುವ ರಿಜಿಸ್ಟ್ರಾರ್ ಜನರಲ್ ಕಚೇರಿಯ ಮಾದರಿ ನೋಂದಣಿ ವ್ಯವಸ್ಥೆಯ ವರದಿಗಳನ್ನು ನೋಡಬೇಕು. ರಾಜ್ಯಮಟ್ಟದವರೆಗೆ ಅವು ಭದ್ರ. ಜಿಲ್ಲೆಯ ಅಂಕಿ ಅಲ್ಲಿಲ್ಲ.

ಜಿಡಿಪಿ ಮತ್ತು ಬೆಲೆಗಳು

ಜಿಡಿಪಿ ಅಂಕಿ ಒಮ್ಮೆ ಪ್ರಕಟವಾಗಿ ಮುಗಿಯುವಂಥದ್ದಲ್ಲ. ಮೊದಲ ಮುಂಗಡ ಅಂದಾಜು, ಎರಡನೆಯ ಮುಂಗಡ ಅಂದಾಜು, ತಾತ್ಕಾಲಿಕ ಅಂದಾಜು, ಅನಂತರ ಪರಿಷ್ಕೃತ ಅಂದಾಜುಗಳು ಎಂದು ವರ್ಷಗಳ ಕಾಲ ಅದು ತಿದ್ದುಪಡಿಯಾಗುತ್ತಲೇ ಇರುತ್ತದೆ. ಬಜೆಟ್‌ನ ಲೆಕ್ಕಾಚಾರಕ್ಕೆ ಬೇಗ ಬೇಕೆಂದು ತಯಾರಾಗುವ ಮುಂಗಡ ಅಂದಾಜಿನ ಮೇಲೆ ದೀರ್ಘಕಾಲದ ವಾದವನ್ನು ಕಟ್ಟಬಾರದು. ಆಧಾರ ವರ್ಷದ, ಎಂದರೆ ಯಾವ ವರ್ಷದ ಬೆಲೆಗಳಲ್ಲಿ ಲೆಕ್ಕ ಹಾಕುತ್ತಾರೋ ಆ ವರ್ಷದ, ಬದಲಾವಣೆ ಇನ್ನೂ ದೊಡ್ಡ ತಿರುವು. 2004-05ನ್ನು ಆಧಾರವಾಗಿಟ್ಟ ಹಳೆಯ ಸರಣಿಯಲ್ಲಿ 2013-14ರ ಬೆಳವಣಿಗೆ ಶೇ 4.7 ಇತ್ತು; 2015ರ ಜನವರಿಯಲ್ಲಿ 2011-12ರ ಆಧಾರದ ಹೊಸ ಸರಣಿ ಬಂದಾಗ ಅದೇ ವರ್ಷದ ಬೆಳವಣಿಗೆ ಶೇ 6.9 ಎಂದಾಯಿತು. ಬದಲಾದದ್ದು ವರ್ಷವೊಂದೇ ಅಲ್ಲ, ದತ್ತಾಂಶದ ಮೂಲಗಳು ಮತ್ತು ಲೆಕ್ಕದ ಪರಿಕಲ್ಪನೆಯೂ ಬದಲಾದವು. ಆದ್ದರಿಂದ ಎರಡು ಸರಣಿಗಳನ್ನು ಒಂದೇ ಕೋಷ್ಟಕದಲ್ಲಿ ಬೆಸೆಯುವವರು ಎಲ್ಲಿ ಬೆಸೆದೆವು ಎಂಬುದನ್ನು ಗುರುತು ಹಾಕಿ ತೋರಿಸಬೇಕು. ಇತ್ತೀಚಿನ ಅಂಕಿಗೆ ಸಾಂಖ್ಯಿಕ ಸಚಿವಾಲಯದ ಪತ್ರಿಕಾ ಪ್ರಕಟಣೆ, ವಿವರಕ್ಕೆ ಅದೇ ಸಚಿವಾಲಯದ ರಾಷ್ಟ್ರೀಯ ಲೆಕ್ಕಗಳ ವಾರ್ಷಿಕ ಸಂಪುಟ, ಉದ್ದನೆಯ ಸರಣಿಗೆ ರಿಸರ್ವ್ ಬ್ಯಾಂಕಿನ ಕೈಪಿಡಿ ಎಂದು ಹಂಚಿಕೊಂಡರೆ ಕೆಲಸ ಹಗುರವಾಗುತ್ತದೆ.

ಬೆಲೆಗಳ ವಿಷಯದಲ್ಲಿ ಆಯ್ಕೆ ಸುಲಭ. ಕುಟುಂಬಗಳ ಮೇಲಿನ ಬೆಲೆಯ ಹೊರೆಗೆ ಸಾಂಖ್ಯಿಕ ಕಚೇರಿಯ ಗ್ರಾಹಕ ಬೆಲೆ ಸೂಚ್ಯಂಕ, ತುಟ್ಟಿಭತ್ಯೆಯ ಲೆಕ್ಕಕ್ಕೆ ಲೇಬರ್ ಬ್ಯೂರೋದ ಕೈಗಾರಿಕಾ ಕಾರ್ಮಿಕರ ಸೂಚ್ಯಂಕ, ಉತ್ಪಾದಕರ ಮತ್ತು ಸಗಟು ವ್ಯಾಪಾರದ ಬೆಲೆಗಳಿಗೆ ಆರ್ಥಿಕ ಸಲಹೆಗಾರರ ಕಚೇರಿಯ ಸಗಟು ಬೆಲೆ ಸೂಚ್ಯಂಕ.

ಇಲಾಖೆಗಳ ದಾಖಲೆ ಮತ್ತು ರಾಜ್ಯದ ಪ್ರಕಟಣೆಗಳು

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವಾರ್ಷಿಕ ವರದಿ ತಿಳಿಸುವುದು ಠಾಣೆಯಲ್ಲಿ ದಾಖಲಾದ ಪ್ರಕರಣಗಳನ್ನು ಮಾತ್ರ. ಒಂದು ಪ್ರಕರಣದಲ್ಲಿ ಹಲವು ಅಪರಾಧಗಳಿದ್ದರೆ ಅವುಗಳಲ್ಲಿ ಅತಿ ಘೋರವಾದದ್ದನ್ನಷ್ಟೇ ಲೆಕ್ಕಕ್ಕೆ ಹಿಡಿಯಲಾಗುತ್ತದೆ. ದೂರು ನೀಡಲು ಜನ ಮುಂದೆ ಬರುವ ರಾಜ್ಯದಲ್ಲಿ ಅಂಕಿ ಏರುತ್ತದೆ, ದೂರು ದಾಖಲಿಸದ ಕಡೆ ಇಳಿಯುತ್ತದೆ. ಆದ್ದರಿಂದ ರಾಜ್ಯಗಳನ್ನು ಇದರಿಂದ ಶ್ರೇಣೀಕರಿಸುವುದು ಅನ್ಯಾಯ. ಶಾಲೆಗಳ ಅಂಕಿಗೆ ಕೇಂದ್ರ ಶಿಕ್ಷಣ ಸಚಿವಾಲಯದ ಶಾಲಾ ಮಾಹಿತಿ ವ್ಯವಸ್ಥೆಯಾದ ಯುಡೈಸ್ ಪ್ಲಸ್ ಒಂದೊಂದು ಶಾಲೆಯವರೆಗೂ ಇಳಿಯುತ್ತದೆ, ಆದರೆ ಮಾಹಿತಿ ತುಂಬುವುದು ಶಾಲೆಗಳೇ. 2022-23ರಿಂದ ವಿದ್ಯಾರ್ಥಿವಾರು ವಿವರ ಸಂಗ್ರಹಿಸಲು ತೊಡಗಿದ್ದರಿಂದ ಹಿಂದಿನ ವರ್ಷಗಳೊಂದಿಗೆ ದಾಖಲಾತಿಯನ್ನು ನೇರವಾಗಿ ಹೋಲಿಸಲಾಗದು.

ಕನ್ನಡದಲ್ಲೇ ಓದಬೇಕಾದವರಿಗೆ, ಊರಿನ ಸುತ್ತಮುತ್ತಲಿನ ಹೊಸ ಅಂಕಿ ಬೇಕಾದವರಿಗೆ ರಾಜ್ಯದ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದ ‘ಜಿಲ್ಲಾ ಅಂಕಿ ಅಂಶಗಳ ನೋಟ’ ಒಳ್ಳೆಯ ಆಯ್ಕೆ. ಮಳೆ, ಭೂಬಳಕೆ, ಬೆಳೆ, ನೀರಾವರಿ, ಶಾಲೆ, ಆಸ್ಪತ್ರೆಗಳ ವಿವರ ತಾಲ್ಲೂಕುವಾರು ಸಿಗುತ್ತದೆ. ರಾಜ್ಯದ ಆದಾಯ, ಜಿಲ್ಲೆಗಳ ತಲಾ ಆದಾಯಗಳಿಗೆ ಕರ್ನಾಟಕ ಆರ್ಥಿಕ ಸಮೀಕ್ಷೆ ಇದೆ, ಕನ್ನಡದ ಆವೃತ್ತಿಯೂ ಇದೆ. ಇವುಗಳ ಬಲ ಹೊಸತನ ಮತ್ತು ಸ್ಥಳೀಯತೆ. ದೌರ್ಬಲ್ಯವೆಂದರೆ ಹತ್ತಾರು ಇಲಾಖೆಗಳು ಕೊಟ್ಟಿದ್ದನ್ನು ಸೇರಿಸಿದ್ದರಿಂದ ಪಕ್ಕಪಕ್ಕದ ಎರಡು ಕೋಷ್ಟಕಗಳ ಕಾಲವೇ ಬೇರೆಯಾಗಿರಬಹುದು, ಮತ್ತು ಬೇರೆ ರಾಜ್ಯದ ಇಂಥದೇ ಪುಸ್ತಕದೊಂದಿಗೆ ಹೋಲಿಸಲು ಬಾರದು. ಅಂತರರಾಜ್ಯ ಹೋಲಿಕೆಗೆ ಕೇಂದ್ರದ ಪ್ರಕಟಣೆಯನ್ನೇ ಬಳಸಬೇಕು.

ಸಮಯಕ್ಕೆ ತಕ್ಕ ದಾರಿ

ಪರೀಕ್ಷೆಗೆ ಓದುವವರು ಆರ್ಥಿಕ ಸಮೀಕ್ಷೆಯ ಅನುಬಂಧವನ್ನೂ ‘ಇಂಡಿಯಾ’ ವಾರ್ಷಿಕವನ್ನೂ ಇಟ್ಟುಕೊಂಡರೆ ಸಾಕು. ಎರಡರ ನಡುವೆ ಅಂಕಿ ಬೇರೆಯಾದರೆ ಅನುಬಂಧದ್ದನ್ನು ಹಿಡಿಯಬೇಕು, ಏಕೆಂದರೆ ಅಲ್ಲಿ ಆಕರ ಮತ್ತು ವರ್ಷ ನಮೂದಾಗಿರುತ್ತದೆ. ಸಂಜೆಯೊಳಗೆ ವರದಿ ಮುಗಿಸಬೇಕಾದ ಪತ್ರಕರ್ತರಿಗೆ ಸಾಂಖ್ಯಿಕ ಸಚಿವಾಲಯ 2024ರ ಜೂನ್‌ನಲ್ಲಿ ಆರಂಭಿಸಿದ ಇ-ಸಾಂಖ್ಯಿಕಿ ಜಾಲತಾಣ ಮತ್ತು ಆಯಾ ಸಮೀಕ್ಷೆಯ ಪತ್ರಿಕಾ ಪ್ರಕಟಣೆ ಹೊಂದುತ್ತವೆ, ಆದರೆ ಪ್ರಕಟಣೆಯ ಕೊನೆಯ ಪುಟದ ಟಿಪ್ಪಣಿಗಳನ್ನೂ ಓದಲೇಬೇಕು. ಸಂಶೋಧಕರು ವರದಿಗಳಲ್ಲಿ ಅಚ್ಚಾದ ಕೋಷ್ಟಕಗಳಿಗೇ ನಿಲ್ಲಬೇಕಿಲ್ಲ. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ ಸಮೀಕ್ಷೆಗಳ ಕುಟುಂಬವಾರು ದತ್ತಾಂಶ ನೋಂದಣಿ ಮಾಡಿಕೊಂಡವರಿಗೆ ಉಚಿತವಾಗಿಯೇ ಸಿಗುತ್ತದೆ. ಅದನ್ನು ಬಿಡಿಸಿ ಲೆಕ್ಕ ಮಾಡಲು ವಾರಗಳು ಬೇಕು, ಮತ್ತು ಮಾದರಿಯನ್ನು ಸಣ್ಣ ಗುಂಪುಗಳಾಗಿ ಒಡೆದಷ್ಟೂ ದೋಷದ ಅಂತರ ಹಿಗ್ಗುತ್ತದೆ. ವರದಿಯ ಅನುಬಂಧದಲ್ಲಿರುವ ಸಾಪೇಕ್ಷ ಮಾನಕ ದೋಷದ ಕೋಷ್ಟಕ ಅದನ್ನು ತಿಳಿಸುತ್ತದೆ.

ಎರಡು ಸರ್ಕಾರಿ ಅಂಕಿಗಳು ಪರಸ್ಪರ ಒಪ್ಪದಿದ್ದಾಗ ಒಂದನ್ನು ಸುಳ್ಳೆಂದು ತಳ್ಳುವ ಮೊದಲು ವರ್ಷ, ವ್ಯಾಖ್ಯೆ, ವಯಸ್ಸಿನ ಗುಂಪು, ಆಧಾರ ವರ್ಷ, ಗಡಿ ಎಂಬ ಐದನ್ನು ಈ ಕ್ರಮದಲ್ಲಿ ಪರಿಶೀಲಿಸುವುದು ಒಳ್ಳೆಯದು. ಬಹುತೇಕ ವ್ಯತ್ಯಾಸಗಳು ಮೊದಲ ಎರಡರಲ್ಲೇ ಬಗೆಹರಿಯುತ್ತವೆ. ಆಯ್ದ ಅಂಕಿಯನ್ನು ಬರೆದುಕೊಳ್ಳುವಾಗ ಪ್ರಕಟಣೆಯ ಹೆಸರಿನ ಜೊತೆಗೆ ಆವೃತ್ತಿಯ ವರ್ಷ, ಕೋಷ್ಟಕದ ಸಂಖ್ಯೆ, ತಾತ್ಕಾಲಿಕವೋ ಅಂತಿಮವೋ ಎಂಬ ಗುರುತು ಮತ್ತು ಕಡತವನ್ನು ಇಳಿಸಿಕೊಂಡ ದಿನಾಂಕವನ್ನೂ ಬರೆಯಬೇಕು. ಜಾಲತಾಣಗಳಲ್ಲಿ ಹಳೆಯ ಕಡತದ ಜಾಗಕ್ಕೆ ಪರಿಷ್ಕೃತ ಕಡತ ಬರುವುದುಂಟು. ಆಗ ನಿಮ್ಮ ಬರಹದ ಅಂಕಿ ಎಲ್ಲಿಂದ ಬಂತೆಂದು ಓದುಗರಿಗೆ ತೋರಿಸಲು ನೀವು ಉಳಿಸಿಕೊಂಡ ಪ್ರತಿಯೊಂದೇ ಆಧಾರವಾಗಿರುತ್ತದೆ.